ಓದುಗರ ಪ್ರಶ್ನೆ, ತಜ್ಞರ ಉತ್ತರ: ಆಫೀಸು ಮತ್ತೆ ಕರೆಯುತ್ತಿದೆ, ಏನು ಮಾಡಲಿ?

ಮನೆಯಿಂದ ಕೆಲಸ ಮಾಡುತ್ತಿರುವವರನ್ನು ಕಂಪನಿಗಳು ಮತ್ತೆ ಆಫೀಸಿಗೆ ಕರೆಯುತ್ತಿರುವುದರ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಒಂದೇ ಬಗೆಯ ಪತ್ರಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಮೈಸೂರಿನಿಂದ: ಆಫೀಸಿಗೆ ಬನ್ನಿ ಅಂದರೆ ಸಾಕು, ಎಲ್ಲರೂ ಗೊಣಗುತ್ತಾರೆ. ನಿಜಕ್ಕೂ ಯಾರಿಗೂ ಆಫೀಸು ಬೇಡವೇ? ಇದು ಸೋಮಾರಿತನವಲ್ಲದೆ ಇನ್ನೇನು?

ಸೋಮಾರಿತನ ಅನ್ನುವುದು ಸರಿಯಲ್ಲ. ಇದನ್ನು ಪ್ರಯೋಗ ಮಾಡಿಯೇ ನೋಡಿದವರಿದ್ದಾರೆ. 2010ರ ಡಿಸೆಂಬರಿನಲ್ಲಿ ಶಾಂಘೈ ನಗರದ ಸಿಟ್ರಿಪ್ ಎಂಬ ಪ್ರವಾಸ ಬುಕ್ಕಿಂಗ್ ಕಂಪನಿ ತನ್ನ ಕಾಲ್ ಸೆಂಟರಿನ 249 ಮಂದಿಯನ್ನು ಹುಟ್ಟಿದ ತಾರೀಖಿನ ಲೆಕ್ಕದಲ್ಲಿ ಎರಡು ಗುಂಪು ಮಾಡಿತು. ಎಲ್ಲರೂ ಮನೆಯಿಂದ ಮಾಡುತ್ತೇವೆ ಎಂದು ತಾವಾಗಿಯೇ ಮುಂದೆ ಬಂದವರು. ಸಮ ಸಂಖ್ಯೆಯ ತಾರೀಖಿನವರಿಗೆ ವಾರದಲ್ಲಿ ನಾಲ್ಕು ದಿನ ಮನೆ, ಬೆಸ ಸಂಖ್ಯೆಯವರಿಗೆ ಎಂದಿನಂತೆ ಆಫೀಸು. ಒಂಬತ್ತು ತಿಂಗಳಲ್ಲಿ ಮನೆಯಲ್ಲಿದ್ದವರ ಕೆಲಸ ಶೇ 13ರಷ್ಟು ಹೆಚ್ಚಿತು. ಅದರಲ್ಲಿ ಬಹುಪಾಲು, ನಡುನಡುವಿನ ಬಿಡುವು ಮತ್ತು ಹುಷಾರಿಲ್ಲದ ರಜೆ ಕಡಿಮೆಯಾದದ್ದರಿಂದ ಬಂದದ್ದು. ಆದರೆ ‘ಇನ್ನು ನಿಮ್ಮಿಷ್ಟ’ ಎಂದು ಬಿಟ್ಟಾಗ ಮನೆಯಲ್ಲಿದ್ದವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಆಫೀಸಿಗೇ ಮರಳಿದರು. ದೊಡ್ಡ ಕಾರಣ ಒಂಟಿತನ. ಅಷ್ಟೇ ಚೆನ್ನಾಗಿ ಕೆಲಸ ಮಾಡಿದ್ದರೂ ಮನೆಯಲ್ಲಿದ್ದವರಿಗೆ ಬಡ್ತಿ ಕಡಿಮೆ ಸಿಕ್ಕಿತ್ತು ಎಂಬುದೂ ಅದೇ ಲೆಕ್ಕದಲ್ಲಿ ಕಂಡುಬಂತು.

ಅದೇ ಕಂಪನಿ, ಈಗ ಟ್ರಿಪ್ ಡಾಟ್ ಕಾಮ್, ಹತ್ತು ವರ್ಷದ ಮೇಲೆ 1,612 ಮಂದಿಯ ಮೇಲೆ ಇನ್ನೊಂದು ಪ್ರಯೋಗ ಮಾಡಿತು. ಈ ಬಾರಿ ಬುಧವಾರ, ಶುಕ್ರವಾರ ಮಾತ್ರ ಮನೆ, ಉಳಿದ ಮೂರು ದಿನ ಆಫೀಸು. ಕೆಲಸ ಬಿಡುವವರು ಮೂರನೇ ಒಂದು ಪಾಲು ಕಡಿಮೆಯಾದರು. ಬಡ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡೂ ಅಧ್ಯಯನಗಳಲ್ಲಿ ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಇದ್ದರು. ಎರಡನೆಯದು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು.

ಹಾಗಾಗಿ ಎಷ್ಟು ದಿನ, ಯಾವ ದಿನ, ಎಷ್ಟು ದೂರ ಎಂದು ಹೇಳದೆ ‘ಆಫೀಸು ಬೇಕೋ ಬೇಡವೋ’ ಎಂದು ಕೇಳಿದರೆ ಸಿಗುವ ಉತ್ತರಕ್ಕೆ ಅರ್ಥವಿಲ್ಲ. ನಮಗೆ ಬಂದ ಪತ್ರಗಳಲ್ಲೂ ಹೆಚ್ಚಿನವರ ಸಂಕಟ ದಾರಿಯದು, ಬಾಡಿಗೆಯದು. ಆಫೀಸಿನ ಮೇಜು ಕುರ್ಚಿಯ ಮೇಲೆ ಯಾರಿಗೂ ಸಿಟ್ಟಿಲ್ಲ.

ಸಾಗರದಿಂದ: 2020ರಿಂದ ಊರಲ್ಲೇ ಇದ್ದೇನೆ. ಕೈಗೆ 62,000 ಬರುತ್ತದೆ. ಈಗ ವಾರಕ್ಕೆ ಮೂರು ದಿನ ಬೆಂಗಳೂರಿಗೆ ಬರಬೇಕಂತೆ. ನೋಡಿದ ಮನೆಗೆ ಬಾಡಿಗೆ 18,000, ಅಡ್ವಾನ್ಸ್ ಒಂದೂವರೆ ಲಕ್ಷ. ಇನ್ನೊಂದು ಕಂಪನಿಯವರು ಊರಿಂದಲೇ ಮಾಡಿ, 55,000 ಕೊಡುತ್ತೇವೆ ಅನ್ನುತ್ತಿದ್ದಾರೆ. ಯಾವುದು ಲಾಭ?

ಬಾಡಿಗೆಯನ್ನಷ್ಟೇ ಕಳೆದು ನೋಡಿ ಮೋಸ ಹೋಗುವವರು ಬಹಳ. ಪೂರ್ತಿ ಲೆಕ್ಕ ಹೀಗೆ ಹಾಕಿ. ಬಾಡಿಗೆ 18,000. ಮೇಂಟೆನೆನ್ಸ್, ನೀರು ಸೇರಿ 1,500. ಅಡ್ವಾನ್ಸ್ ಹಣ ಬ್ಯಾಂಕಿನಲ್ಲಿದ್ದಿದ್ದರೆ ಶೇ 7ರಂತೆ ವರ್ಷಕ್ಕೆ 10,500 ಬರುತ್ತಿತ್ತು, ಅಂದರೆ ತಿಂಗಳಿಗೆ 875. ಮನೆ ಬಿಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ಎರಡು ವರ್ಷ ಇದ್ದರೆ ಅದು ತಿಂಗಳಿಗೆ 750, ಹನ್ನೊಂದೇ ತಿಂಗಳಿಗೆ ಬಿಟ್ಟರೆ 1,636. ಊಟ ತಿಂಡಿಗೆ 6,000, ಗ್ಯಾಸ್ ಮತ್ತು ಇಂಟರ್‌ನೆಟ್ಟಿಗೆ 1,500 ಇಡಿ. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, ಮನೆಯ ಮೀಟರಿನ ಆರ್.ಆರ್. ಸಂಖ್ಯೆಗೆ ನಿಮ್ಮ ಆಧಾರ್ ಜೋಡಿಸಿಕೊಳ್ಳಲು ಮರೆಯಬೇಡಿ. ತಿಂಗಳಿಗೆ 13 ದಿನ ಆಫೀಸಿಗೆ ಹೋಗಿಬರಲು ದಿನಕ್ಕೆ 150ರಂತೆ 1,950. ಊರಿಗೆ ಎರಡು ಸಲ ಹೋಗಿಬಂದರೆ ಸುಮಾರು 2,000. ಒಟ್ಟು 32,575. ಊರಲ್ಲಿ ನಿಮ್ಮ ಪಾಲಿಗೆ ಉಳಿಯುವ ಊಟದ ಖರ್ಚು 3,000 ಕಳೆದರೂ 29,500ರ ಆಸುಪಾಸು. ಉಳಿಯುವುದು 32,500. ಊರಿನ 55,000ದ ಮುಂದೆ ಇದು ಏನೇನೂ ಅಲ್ಲ.

ಮನೆಯ ಬದಲು ಊಟ ಸೇರಿ 11,000ದ ಇಬ್ಬರ ಪಿಜಿ ರೂಮು ಹಿಡಿದರೆ? ಓಡಾಟ, ಸಣ್ಣಪುಟ್ಟ ಖರ್ಚು ಸೇರಿ 15,450. ಊಟದ ಉಳಿತಾಯ ಕಳೆದರೆ 12,450. ಕೈಯಲ್ಲಿ 49,550 ನಿಲ್ಲುತ್ತದೆ. ಈಗ ಅಂತರ ಐದೂವರೆ ಸಾವಿರದ ಒಳಗೆ. ಇಷ್ಟು ಕಡಿಮೆ ಅಂತರವಿದ್ದಾಗ ಸಂಬಳಕ್ಕಿಂತ ಬೇರೆ ವಿಷಯ ತೂಗಬೇಕು: ಹೊಸ ಕಂಪನಿಯ ಆರೋಗ್ಯ ವಿಮೆ ಅಪ್ಪ ಅಮ್ಮನಿಗೂ ಇದೆಯೇ, ಪಿಎಫ್ ಎಷ್ಟರ ಮೇಲೆ ಕಟ್ಟುತ್ತಾರೆ, ‘ಕೆಲಸದ ಸ್ಥಳ ಸಾಗರ’ ಎಂದು ಆಫರ್ ಲೆಟರಿನಲ್ಲೇ ಬರೆದಿದ್ದಾರೆಯೇ. ಫೋನಿನಲ್ಲಿ ಹೇಳಿದ ‘ವರ್ಕ್ ಫ್ರಂ ಹೋಂ’ ಆರು ತಿಂಗಳಲ್ಲಿ ಕರಗಿಹೋಗಬಹುದು.

ತೆರಿಗೆ ಉಳಿಯುತ್ತದೆ ಎಂದು ಬಾಡಿಗೆ ಮನೆ ಮಾಡಬೇಡಿ. ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ನೀವಾಗಿ ಆರಿಸದಿದ್ದರೆ ಹೊಸ ಪದ್ಧತಿಯೇ ಅನ್ವಯವಾಗುತ್ತದೆ, ಅದರಲ್ಲಿ ಈ ವಿನಾಯಿತಿ ಇಲ್ಲ. ಹಳೆಯದರಲ್ಲಿದ್ದರೂ ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಸಂಖ್ಯೆ ಕೊಡಬೇಕು. ಕೊಡಲು ಒಪ್ಪದ ಮಾಲೀಕರು ಬೇಕಾದಷ್ಟು ಜನ. ಅಡ್ವಾನ್ಸ್ ಕೊಡುವ ಮೊದಲೇ ಕೇಳಿ.

ಇನ್ನೊಂದು ದಾರಿ ಇದೆ, ಅದನ್ನು ಮೊದಲು ಪ್ರಯತ್ನಿಸಿ. ‘ವಾರಕ್ಕೆ ಮೂರು ದಿನ’ ಎಂಬುದನ್ನು ‘ತಿಂಗಳಿಗೆ ಹನ್ನೆರಡು ದಿನ’ ಎಂದು ಎಣಿಸಲು ಮ್ಯಾನೇಜರ್ ಒಪ್ಪುತ್ತಾರೆಯೇ ಎಂದು ಕೇಳಿ. ಇನ್ಫೋಸಿಸ್‌ನಂತಹ ಕಡೆ ತಿಂಗಳಿಗೆ ಹತ್ತು ದಿನ ಎಂಬ ಎಣಿಕೆಯೇ ಇರುವುದರಿಂದ ಇದು ವಿಚಿತ್ರ ಬೇಡಿಕೆಯಲ್ಲ. ಒಪ್ಪಿದರೆ ಎರಡೂವರೆ ವಾರ ಒಟ್ಟಿಗೆ ಬೆಂಗಳೂರಿನಲ್ಲಿದ್ದು ಉಳಿದ ದಿನ ಊರಲ್ಲಿ ಕಳೆಯಬಹುದು. ದಿನದ ಲೆಕ್ಕದಲ್ಲಿ ಹಾಸಿಗೆ ಕೊಡುವ ಪಿಜಿ ಹುಡುಕಿ. ತಾಳಗುಪ್ಪದ ರಾತ್ರಿ ರೈಲಿಗೆ 60 ದಿನ ಮೊದಲು ಬುಕ್ಕಿಂಗ್ ತೆರೆಯುತ್ತದೆ, ತಾರೀಖು ಗೊತ್ತಾದ ಕೂಡಲೇ ಎರಡೂ ಕಡೆಯ ಟಿಕೆಟ್ ಮಾಡಿಸಿ. ಹಬ್ಬದ ವಾರ ಬಸ್ಸಿನವರು ದರ ಏರಿಸಿದಾಗ ಇದರ ಬೆಲೆ ತಿಳಿಯುತ್ತದೆ.

ಬೆಂಗಳೂರಿನ ವಿಜಯನಗರದಿಂದ: ಆಫೀಸು ಬೆಳ್ಳಂದೂರಿನಲ್ಲಿ. ಸ್ಕೂಟರಿನಲ್ಲಿ ಹೋಗಿಬಂದರೆ ಬೆನ್ನು ಮುರಿಯುತ್ತದೆ. ಮೂರು ದಿನ ಹೋಗಲೇಬೇಕು. ಯಾವ ದಾರಿ, ಯಾವ ದಿನ?

ಹೊರವರ್ತುಲ ರಸ್ತೆಯ ನೀಲಿ ಮಾರ್ಗದಲ್ಲಿ ಮೆಟ್ರೊ ಓಡುವವರೆಗೆ ಬೆಳ್ಳಂದೂರಿಗೆ ನೇರ ರೈಲಿಲ್ಲ. ಆದರೆ 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ತೆರೆದ ಮೇಲೆ ನಿಮಗೊಂದು ದಾರಿಯಾಗಿದೆ. ವಿಜಯನಗರದಿಂದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಹಸಿರಿಗೆ ಬದಲಿಸಿ ಆರ್.ವಿ. ರಸ್ತೆ, ಅಲ್ಲಿಂದ ಹಳದಿಯಲ್ಲಿ ಸೆಂಟ್ರಲ್ ಸಿಲ್ಕ್ ಬೋರ್ಡ್. ಎರಡು ಕಡೆ ಬದಲಿಸುವುದು ಸೇರಿ ಸುಮಾರು ಒಂದು ಗಂಟೆ. ಅಲ್ಲಿಂದ ಅಗರ, ಇಬ್ಬಲೂರು ದಾಟಿ ಹೋಗುವ ಬಿಎಂಟಿಸಿಯ 500 ಸರಣಿಯ ಬಸ್ಸುಗಳಿವೆ. ನೇರಳೆಯಲ್ಲೇ ಕೂತು ಬೆನ್ನಿಗಾನಹಳ್ಳಿಯಲ್ಲಿ ಇಳಿದರೆ ಬದಲಿಸುವ ಗೋಜಿಲ್ಲ, ಆದರೆ ಮಾರತ್ತಹಳ್ಳಿ ದಾಟಿ ರಸ್ತೆಯಲ್ಲಿ ಹೋಗಬೇಕಾದ ದೂರ ಹೆಚ್ಚು, ಸಂಜೆ ಆ ಕಡೆ ಬಸ್ಸು ತೆವಳುತ್ತದೆ. ಹೆಂಗಸರಿಗೆ ಶಕ್ತಿ ಯೋಜನೆ ಸಾಮಾನ್ಯ ಬಸ್ಸಿಗೆ ಮಾತ್ರ, ಎಸಿ ವಜ್ರಕ್ಕಿಲ್ಲ.

ದಿನದ ವಿಷಯ. ಶುಕ್ರವಾರ ಬೇಗ ಊರಿಗೆ ಹೊರಡಬೇಕು, ಸೋಮವಾರ ಊರಿಂದ ಬರುವುದು ತಡ ಎಂದು ಎಲ್ಲರೂ ಮಂಗಳವಾರದಿಂದ ಗುರುವಾರದ ತನಕದ ದಿನಗಳನ್ನೇ ಹಿಡಿಯುತ್ತಾರೆ. ಆ ಮೂರು ದಿನ ರಸ್ತೆಯೂ ಕ್ಯಾಂಟೀನೂ ಮೀಟಿಂಗ್ ರೂಮೂ ತುಂಬಿರುತ್ತವೆ. ಹಾಗೆಂದು ಸೋಮವಾರ, ಶುಕ್ರವಾರಗಳಿಗೇ ಪೂರ್ತಿ ಜಾರಿಕೊಂಡರೆ ಖಾಲಿ ಆಫೀಸಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಅದೇ ವಿಡಿಯೊ ಕಾಲ್ ಮಾಡುತ್ತೀರಿ, ಹೋದದ್ದೇ ದಂಡ. ಇಡೀ ತಂಡ ಬರುವ ಒಂದು ದಿನ, ರಸ್ತೆ ಹಗುರವಿರುವ ಎರಡು ದಿನ, ಇದು ನಮ್ಮ ಸಲಹೆ. ಬೆಳಗಿನ ಮೊದಲ ಕಾಲ್ ಮನೆಯಲ್ಲೇ ಮುಗಿಸಿ ಹತ್ತೂವರೆಗೆ ಹೊರಡಲು ಅನುಮತಿ ಕೇಳಿ. ಆದರೆ ಹಾಜರಿಗೆ ಆಫೀಸಿನೊಳಗೆ ಕನಿಷ್ಠ ಎಷ್ಟು ಗಂಟೆ ಇರಬೇಕು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಬೆಳಿಗ್ಗೆ ಕಾರ್ಡ್ ಉಜ್ಜಿ ಮಧ್ಯಾಹ್ನ ಹೊರಬಂದವರಿಗೆ ತಿಂಗಳ ಕೊನೆಯಲ್ಲಿ ‘ಗೈರು’ ಎಂದು ಬರುವುದು ಈ ಲೆಕ್ಕ ತಪ್ಪಿದಾಗಲೇ.

ತುಮಕೂರಿನ ತಾಯಿಯೊಬ್ಬರಿಂದ: ಮಗ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿ ಎಂಟು ತಿಂಗಳು. ರೂಮಿನಿಂದ ಹೊರಗೇ ಬರುವುದಿಲ್ಲ. ಆಫೀಸಿಗೆ ಕರೆದರೂ ಬೇಡ ಅನ್ನುತ್ತಾನೆ.

ಕಳಿಸಿ, ಅಮ್ಮಾ. ಮೊದಲ ಎರಡು ವರ್ಷ ಕೆಲಸ ಕಲಿಯುವುದು ಪಕ್ಕದಲ್ಲಿ ಕೂತವರನ್ನು ನೋಡಿ. ಐದು ನಿಮಿಷದ ಅನುಮಾನಕ್ಕೆ ಮೆಸೇಜ್ ಹಾಕಿ ಎರಡು ಗಂಟೆ ಕಾಯುವ ಹುಡುಗ ಆಮೇಲೆ ಕೇಳುವುದನ್ನೇ ಬಿಡುತ್ತಾನೆ. ತುಮಕೂರಿನಿಂದ ದಿನಾ ಓಡಾಡುವ ಬದಲು ಆರು ತಿಂಗಳು ಆಫೀಸಿನ ಹತ್ತಿರವೇ ಪಿಜಿಯಲ್ಲಿರಲಿ.

ಪುತ್ತೂರಿನಿಂದ: ‘ನಿಮ್ಮ ಕಾಲ್ ಕಟ್ ಆಗುತ್ತದೆ, ಅದಕ್ಕೇ ಆಫೀಸಿಗೆ ಬನ್ನಿ’ ಅನ್ನುತ್ತಾರೆ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಸರಿಮಾಡಲು ಸಾಧ್ಯವೇ?

ಬಹುಮಟ್ಟಿಗೆ ಸಾಧ್ಯ. ಮೊದಲು ರೋಗ ಎಲ್ಲಿದೆ ಎಂದು ಹಿಡಿಯಿರಿ. ಫೈಬರ್ ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ಎಂಬ ಕೆಂಪು ದೀಪ ಹೊತ್ತಿದರೆ ಬೆಳಕೇ ಬರುತ್ತಿಲ್ಲ ಎಂದರ್ಥ: ತೋಟದಲ್ಲೆಲ್ಲೋ ಕೊಂಬೆ ಬಿದ್ದು ತಂತಿ ತುಂಡಾಗಿದೆ, ಇಲ್ಲವೇ ಕೇಬಲ್‌ನವರ ಕಡೆಯ ಯಂತ್ರಕ್ಕೆ ಕರೆಂಟಿಲ್ಲ. ದೀಪ ಸರಿಯಿದ್ದೂ ಕಾಲ್ ಒಡೆಯುತ್ತಿದ್ದರೆ ಪೆಟ್ಟಿಗೆಯ ಸೆಟ್ಟಿಂಗ್ ಪುಟದಲ್ಲಿ ಬರುವ ಬೆಳಕಿನ ಅಳತೆ ನೋಡಿ. ಮೈನಸ್ 20ರ ಆಸುಪಾಸು ಡಿಬಿಎಂ ಇದ್ದರೆ ಒಳ್ಳೆಯದು. ಮೈನಸ್ 27ಕ್ಕೆ ಹತ್ತಿರವಾದರೆ ಮಳೆ ಬಂದಾಗ ಹೋಗುವುದು ಖಂಡಿತ. ಕೊಳೆ ಹಿಡಿದ ಕನೆಕ್ಟರ್, ಗೋಡೆಯ ಮೂಲೆಯಲ್ಲಿ ಚೂಪಾಗಿ ಬಗ್ಗಿದ ತಂತಿ, ಕೆಟ್ಟ ಜೋಡಣೆ, ಇವೇ ಕಾರಣ. ಲೈನ್‌ಮನ್‌ಗೆ ‘ನೆಟ್ ಸ್ಲೋ’ ಎನ್ನುವ ಬದಲು ಈ ಸಂಖ್ಯೆ ಹೇಳಿ, ಕೆಲಸ ಬೇಗ ಆಗುತ್ತದೆ.

ಎರಡೂ ಸರಿಯಿದ್ದರೆ ತಪ್ಪು ಮನೆಯ ವೈಫೈನದಿರಬಹುದು. ಲ್ಯಾಪ್‌ಟಾಪಿಗೆ ಲ್ಯಾನ್ ತಂತಿ ಹಾಕಿ ನೂರು ಸಲ ಪಿಂಗ್ ಮಾಡಿ, ಅಂದರೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ನೋಡಿ. ಒಂದಕ್ಕಿಂತ ಹೆಚ್ಚು ಕಳೆದುಹೋದರೆ ಮಾತು ಒಡೆಯುತ್ತದೆ. ತಂತಿಯಲ್ಲಿ ಸರಿ, ವೈಫೈಯಲ್ಲಿ ತಪ್ಪು ಎಂದಾದರೆ ತಂತಿಯಲ್ಲೇ ಕೆಲಸ ಮಾಡಿ. ವಿಡಿಯೊ ಕಾಲ್‌ಗೆ ನಾಲ್ಕು ಎಂಬಿಪಿಎಸ್ ಅಪ್‌ಲೋಡ್ ಧಾರಾಳ ಸಾಕು, 300 ಎಂಬಿಪಿಎಸ್ ಪ್ಲಾನಿಗೆ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ಕರೆಂಟಿಗೆ 12 ವೋಲ್ಟಿನ ಮಿನಿ ಯುಪಿಎಸ್ ಕೊಳ್ಳಿ. ಡಬ್ಬದ ಮೇಲೆ 10,000 ಎಂಎಎಚ್ ಎಂದಿರುವುದು 3.7 ವೋಲ್ಟಿನ ಲೆಕ್ಕ, ಅಂದರೆ 37 ವ್ಯಾಟ್ ಅವರ್. ನಷ್ಟ ಕಳೆದರೆ 31. ಪೆಟ್ಟಿಗೆ 8 ವ್ಯಾಟ್ ತಿಂದರೆ ನಾಲ್ಕು ಗಂಟೆಯೊಳಗೆ ಮುಗಿಯುತ್ತದೆ. ಫೈಬರ್ ಪೆಟ್ಟಿಗೆ ಬೇರೆ, ವೈಫೈ ರೂಟರ್ ಬೇರೆ ಇದ್ದರೆ ಎರಡಕ್ಕೂ ಯುಪಿಎಸ್ ಬೇಕು. ಒಂದಕ್ಕೆ ಮಾತ್ರ ಹಾಕಿ ‘ಕೆಲಸ ಮಾಡುತ್ತಿಲ್ಲ’ ಎಂದು ದೂರುವವರು ಬಹಳ. ಊರಿಗೇ ಕರೆಂಟ್ ಹೋದಾಗ ಕೇಬಲ್‌ನವರ ಕಡೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಕೇಳಿ ಇಟ್ಟುಕೊಳ್ಳಿ. ಅದು ಅರ್ಧ ಗಂಟೆಯಾದರೆ ನಿಮ್ಮ ಯುಪಿಎಸ್ ಎಷ್ಟಿದ್ದರೂ ಪ್ರಯೋಜನವಿಲ್ಲ. ಆಗ ಬ್ರಾಡ್‌ಬ್ಯಾಂಡ್ ಯಾವ ಕಂಪನಿಯದೋ ಅದಲ್ಲದ ಬೇರೆ ಕಂಪನಿಯ ಸಿಮ್ ಇಟ್ಟುಕೊಂಡು, ಮಾಳಿಗೆಯ ಯಾವ ಕಿಟಕಿಯಲ್ಲಿ ಸಿಗ್ನಲ್ ಸಿಗುತ್ತದೆ ಎಂದು ಬಿಸಿಲಿದ್ದಾಗಲೇ ನೋಡಿಟ್ಟುಕೊಳ್ಳಿ. ಸಿಡಿಲಿಗೆ ಪ್ಲಗ್ ಕಿತ್ತಿಡಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು, ಆದರೆ ಅದನ್ನು ಹೊತ್ತ ಉಕ್ಕಿನ ತಂತಿಯಲ್ಲಿ ಹರಿಯುತ್ತದೆ.

ಹುಬ್ಬಳ್ಳಿಯಿಂದ: ಹೆರಿಗೆ ರಜೆ ಮುಗಿಯಿತು. ಕೂಸಿಗೆ ಏಳು ತಿಂಗಳು. ವಾರಪೂರ್ತಿ ಆಫೀಸಿಗೆ ಬರ್ರಿ ಅಂತಾರ. ಕಾಯ್ದೆ ಏನು ಹೇಳ್ತದ?

2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾಗಿ ಬಂದ ನಿಯಮ, 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಅದರಲ್ಲಿ, ರಜೆ ಮುಗಿದ ಮೇಲೆ ಕೆಲಸದ ಸ್ವರೂಪ ಒಪ್ಪುವಂತಿದ್ದರೆ ಇಬ್ಬರೂ ಮಾತಾಡಿಕೊಂಡ ಷರತ್ತಿನಂತೆ ಮನೆಯಿಂದ ಕೆಲಸ ಮಾಡಬಹುದು ಎಂದಿದೆ. ‘ಮಾಡಬಹುದು’ ಎಂಬ ಮಾತನ್ನು ಗಮನಿಸಿ, ಕೊಡಲೇಬೇಕು ಎಂದಿಲ್ಲ. ಆದರೆ 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಲೇಬೇಕು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಬೇರೆ.

ಆದ್ದರಿಂದ ಎಚ್‌ಆರ್‌ಗೆ ಮೇಲ್ ಬರೆಯುವಾಗ ಎರಡನ್ನೂ ಒಟ್ಟಿಗೆ ಕೇಳಿ: ಶಿಶುಪಾಲನಾ ಕೇಂದ್ರ ಎಲ್ಲಿದೆ, ಯಾವಾಗಿನಿಂದ ಕೂಸನ್ನು ಬಿಡಬಹುದು, ಅದು ಸಿದ್ಧವಾಗುವವರೆಗೆ ಮನೆಯಿಂದ ಕೆಲಸಕ್ಕೆ ಅವಕಾಶ ಕೊಡಿ. ಕೇಂದ್ರವೇ ಇಲ್ಲದ ಕಂಪನಿಗೆ ಮನೆಯಿಂದ ಕೆಲಸವನ್ನು ನಿರಾಕರಿಸುವುದು ಕಷ್ಟ. ಎಷ್ಟು ತಿಂಗಳು, ದಿನದ ಯಾವ ಹೊತ್ತು ಎಂದು ಸ್ಪಷ್ಟವಾಗಿ ಬರೆಯಿರಿ.

ಹಾಸನದಿಂದ: ‘ಒಂದನೇ ತಾರೀಖಿನಿಂದ ಬನ್ನಿ, ಇಲ್ಲವೇ ರಾಜೀನಾಮೆ ಕೊಡಿ’ ಎಂದಿದ್ದಾರೆ. ಸೇರಿ 4 ವರ್ಷ 7 ತಿಂಗಳು. ಈಗಲೇ ಬಿಟ್ಟುಬಿಡಲೇ?

ಬೇಡ, ಐದು ತಿಂಗಳು ತಾಳಿ. ಐದು ವರ್ಷ ಪೂರ್ತಿಯಾದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ನಿಮ್ಮ ಹಕ್ಕು. ಮೂಲ ವೇತನ 30,000 ಎಂದುಕೊಳ್ಳಿ. ಅದನ್ನು 15ರಿಂದ, ಆಮೇಲೆ 5 ವರ್ಷದಿಂದ ಗುಣಿಸಿ 26ರಿಂದ ಭಾಗಿಸಿದರೆ 86,538 ರೂಪಾಯಿ. ಐದನೇ ವರ್ಷದಲ್ಲಿ 240 ದಿನ ಆದರೂ ಸಾಕು ಎಂಬ ತೀರ್ಪುಗಳಿವೆ, ಆದರೆ ಎಲ್ಲ ಕಂಪನಿಗಳೂ ಅದಕ್ಕೆ ಒಪ್ಪುವುದಿಲ್ಲ. ನೋಟಿಸ್ ಅವಧಿ ಮೂರು ತಿಂಗಳಾದರೆ ಅದೂ ಸೇವೆಯ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಎರಡು ತಿಂಗಳು ಹೇಗೋ ಹೋಗಿಬಂದು, ಕೊನೆಯ ದಿನ ಐದು ವರ್ಷ ದಾಟುವಂತೆ ಎಣಿಸಿ ರಾಜೀನಾಮೆ ಕೊಡಬಹುದು.

ಮನೆಯಿಂದಲೇ ಮಾಡುತ್ತೇನೆ ಎಂದು ಹಟ ಹಿಡಿಯಲು ಕಾನೂನಿನ ಬಲವಿಲ್ಲ. ನೇಮಕಾತಿ ಪತ್ರದಲ್ಲಿ ‘ಕಂಪನಿ ಹೇಳಿದ ಕಡೆ’ ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ, ತೆಗೆದು ನೋಡಿ. ಹಾಗೆಂದು ಅವರು ಹೇಳಿದ ದಿನವೇ ರಾಜೀನಾಮೆ ಬರೆದುಕೊಡಬೇಡಿ. ‘ನೀವಾಗಿ ಬಿಟ್ಟಿರಿ’ ಎಂದು ದಾಖಲಾದರೆ ಆಮೇಲೆ ವಾದಿಸಲು ಏನೂ ಉಳಿಯುವುದಿಲ್ಲ. ‘ಬರಲು ಸಿದ್ಧ, ಮನೆ ಮಾಡಲು 30 ದಿನ ಬೇಕು, ಅಲ್ಲಿಯವರೆಗೆ ಈಗಿನಂತೆ ಮುಂದುವರಿಯಲಿ’ ಎಂದು ಇವತ್ತೇ ಮೇಲ್ ಕಳಿಸಿ. ಉತ್ತರವನ್ನೂ ಮೇಲ್‌ನಲ್ಲೇ ಕೇಳಿ. ಅವರು ಫೋನ್ ಮಾಡಿ ಒಪ್ಪಿದರೆ, ‘ಈಗ ಮಾತಾಡಿದಂತೆ’ ಎಂದು ಶುರುಮಾಡಿ ಆ ಮಾತನ್ನು ನೀವೇ ಬರೆದು ಕಳಿಸಿ. ನೇಮಕಾತಿ ಪತ್ರ, ಸಂಬಳದ ಚೀಟಿಗಳ ಪ್ರತಿ ಕಂಪನಿಯ ಲ್ಯಾಪ್‌ಟಾಪಿನಲ್ಲಷ್ಟೇ ಇದ್ದರೆ ಈ ವಾರವೇ ನಿಮ್ಮ ಹತ್ತಿರ ಇಳಿಸಿಟ್ಟುಕೊಳ್ಳಿ.