ಸಂಗೀತ ಕಚೇರಿ ಫೋಟೋಗೆ ಕ್ಯಾಮೆರಾ: ದುಡ್ಡು ಲೆನ್ಸ್‌ಗೆ ಹಾಕಿ

ಶಿವಮೊಗ್ಗದಲ್ಲಿ ಸಂಗೀತ ಕಚೇರಿ, ಯಕ್ಷಗಾನದ ಫೋಟೋ ತೆಗೆಯೋ ಆಸೆ, ಮೊಬೈಲ್‌ನಲ್ಲಿ ಎಲ್ಲ ಮಸುಕಾಗಿ ಬರುತ್ತೆ, 40 ಸಾವಿರದೊಳಗೆ ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಕೇಳಿದ್ದೀರಿ. ಮೊದಲು ಲೆನ್ಸ್ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ. ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತೆ. ಲೆನ್ಸ್ ಮಾತ್ರ ಎಫ್/1.8 ಇರಲೇಬೇಕು. ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆಯುತ್ತೆ.

ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಅದು ತೆರೆಯುವುದು ಎಫ್/5.6ರವರೆಗೆ ಮಾತ್ರ. 50 ಎಂಎಂ ಎಫ್/1.8 ಲೆನ್ಸ್ ಅದರ 9 ಪಟ್ಟಿಗೂ ಜಾಸ್ತಿ ಬೆಳಕನ್ನು ಒಳಗೆ ಬಿಡುತ್ತದೆ. ಅಂದರೆ ಕಿಟ್ ಲೆನ್ಸ್‌ಗೆ ಶಟರ್ (ಬೆಳಕು ಒಳಬಿಡುವ ಪರದೆ) 1/15 ಸೆಕೆಂಡ್ ತೆರೆದಿರಬೇಕಾದ ಕಡೆ ಇದಕ್ಕೆ 1/125 ಸಾಕು. 1/15ರಲ್ಲಿ ಗಾಯಕರು ಸ್ವಲ್ಪ ತಲೆದೂಗಿದರೂ ಮುಖ ಕಲಸಿಹೋಗುತ್ತೆ. ಆಮೇಲೆ ಏನು ಮಾಡಿದರೂ ಅದನ್ನು ಸರಿ ಮಾಡೋಕಾಗಲ್ಲ.

ನಿಮ್ಮ ಬಜೆಟ್‌ಗೆ ಬಳಸಿದ ಕ್ಯಾನನ್ 200ಡಿ ಅಥವಾ ನಿಕಾನ್ ಡಿ5600 ಹುಡುಕಿ. ಕ್ಯಾನನ್ ಆದರೆ 50 ಎಂಎಂ ಎಫ್/1.8 ಎಸ್‌ಟಿಎಂ ಲೆನ್ಸ್. ಹೊಸದೇ ತಗೊಳ್ಳಿ, ದುಬಾರಿಯಲ್ಲ. ನಿಕಾನ್ ಆದರೆ ಒಂದು ಎಚ್ಚರಿಕೆ. ಡಿ5600, ಡಿ3500 ಥರದ ಬಾಡಿಗಳ ಒಳಗೆ ಫೋಕಸ್ ಮೋಟಾರ್ ಇರುವುದಿಲ್ಲ. ಅಗ್ಗಕ್ಕೆ ಸಿಗುತ್ತೆ ಅಂತ ಹಳೇ 50 ಎಂಎಂ ಎಫ್/1.8ಡಿ ತಂದರೆ ಆಟೋಫೋಕಸ್ ಆಗಲ್ಲ. ಎಎಫ್-ಎಸ್ ಅಂತ ಬರೆದಿರುವ 1.8ಜಿ ಲೆನ್ಸನ್ನೇ ಕೇಳಿ. ಸೋನಿ ಎ6000 ಕೂಡ ಒಳ್ಳೆ ಬಾಡಿ. ಆದರೆ ಅದರ 50 ಎಂಎಂ ಲೆನ್ಸ್‌ಗೆ ಕ್ಯಾನನ್‌ನದಕ್ಕಿಂತ ಜಾಸ್ತಿ ಬೆಲೆ.

ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನೋ ಸೆಟ್ಟಿಂಗ್) 3200ಕ್ಕೆ ಏರಿಸೋಕೆ ಹೆದರಬೇಡಿ. ರಾ ಫೈಲ್ (ಆಮೇಲೆ ತಿದ್ದೋಕೆ ಅನುಕೂಲವಾಗುವ ಮೂಲ ಫೈಲ್) ತೆಗೆದರೆ 6400 ಕೂಡ ನಡೆಯುತ್ತೆ. ಫೋಟೋದಲ್ಲಿ ಸ್ವಲ್ಪ ಕಾಳು ಕಾಳಾದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಹಾಡುವವರ ಕಣ್ಣು ಸ್ಪಷ್ಟವಾಗಿರಬೇಕು, ಅಷ್ಟೇ.

ಶಟರ್ ವೇಗ ಮಾತ್ರ ಕಾರ್ಯಕ್ರಮ ನೋಡಿಕೊಂಡು ಬದಲಾಗಬೇಕು. ಹೊಸಹಳ್ಳಿಯ ಗಮಕ ವಾಚನಕ್ಕೆ ಹೋದರೆ ಅಲ್ಲಿ ಓದುವವರು, ವ್ಯಾಖ್ಯಾನ ಮಾಡುವವರು ಇಬ್ಬರೂ ಕೂತಲ್ಲೇ ಇರುತ್ತಾರೆ. 1/80 ಧಾರಾಳವಾಯಿತು. ಶಾಸ್ತ್ರೀಯ ಗಾಯನಕ್ಕೆ 1/125 ಇಟ್ಟುಕೊಳ್ಳಿ. ಮೃದಂಗ, ತಬಲಾ ನುಡಿಸುವ ಬೆರಳು ನಿಲ್ಲಬೇಕಾದರೆ 1/250ಕ್ಕೆ ಹೋಗಬೇಕು. ಬಯಲಾಟದ ಚಂಡೆಗೆ ಅದೂ ಸಾಲದು. ಅಲ್ಲಿ ನನಗಿಷ್ಟ ಬೇರೆಯೇ. ಭಾಗವತರ ಮುಖ ಸ್ಪಷ್ಟವಾಗಿದ್ದು, ಚಂಡೆಯ ಕೋಲು ಗಾಳಿಯಲ್ಲಿ ಗೆರೆಯಾಗಿ ಕಂಡರೆ ಏರು ಪದ್ಯದ ರಭಸ ಫೋಟೋಗೂ ಬರುತ್ತೆ. ಅದಕ್ಕೆ 1/100 ಸಾಕು.

ಇನ್ನೊಂದು ಕಾರಣಕ್ಕೂ 1/100 ನೆನಪಿಡಿ. ನಮ್ಮ ಕರೆಂಟು 50 ಹರ್ಟ್ಸ್‌ನದು. ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಅದು ಗೊತ್ತಾಗಲ್ಲ. ಶಟರ್ ಅದಕ್ಕಿಂತ ವೇಗವಾದರೆ ಒಂದು ಫೋಟೋ ಬೆಳ್ಳಗೆ, ಮುಂದಿನದು ಕಪ್ಪಗೆ ಬರಬಹುದು, ಅಡ್ಡ ಪಟ್ಟಿಗಳೂ ಬೀಳಬಹುದು. ಮಿರರ್‌ಲೆಸ್ ಕ್ಯಾಮೆರಾದ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಈ ಕಾಟ ಇನ್ನೂ ಜಾಸ್ತಿ. ಅಂಥ ಕಡೆ 1/100 ಅಥವಾ 1/50ಕ್ಕೆ ಇಳಿಸಿ ನೋಡಿ.

ಎಫ್/1.8ರಲ್ಲಿ ಫೋಕಸ್ ಕೂಡ ಹುಷಾರಾಗಿ ಮಾಡಬೇಕು. ಈ ಬಾಡಿಗಳಲ್ಲಿ 3 ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಕಾಣುವ ಜಾಗ ಹೆಚ್ಚುಕಡಿಮೆ ಒಂದು ಗೇಣು, ಅಷ್ಟೇ. ಗಾಯಕರ ಬಾಯಿ ಮುಂದೆ ಮೈಕ್ ಇರುತ್ತೆ ಅಲ್ವಾ, ಕ್ಯಾಮೆರಾ ಹೋಗಿ ಅದನ್ನೇ ಹಿಡಿಯುತ್ತೆ. ಮೈಕಿನ ಜಾಲರಿ ಚೆಂದ ಕಾಣುತ್ತೆ, ಕಣ್ಣು ಮಂಜಾಗುತ್ತೆ. ಒಂದೇ ಫೋಕಸ್ ಪಾಯಿಂಟ್ ಆರಿಸಿ, ಹತ್ತಿರದ ಕಣ್ಣಿನ ಮೇಲೆ ಇಡಿ. ಎದುರಿಗೆ ಕೂರದೆ ಸ್ವಲ್ಪ ಪಕ್ಕಕ್ಕೆ ಕೂತರೆ ಮೈಕು ಮುಖಕ್ಕೆ ಅಡ್ಡ ಬರಲ್ಲ. ಆಲಾಪನೆ ನಡುವೆ ಉಸಿರು ತೆಗೆಯುವಾಗ ಅವರು ಮೈಕಿನಿಂದ ಸ್ವಲ್ಪ ಹಿಂದೆ ಸರಿಯುತ್ತಾರೆ. ಆ ಹೊತ್ತಿಗೆ ಕಾಯಿರಿ. ಹಾಡು ಕೇಳುತ್ತಾ ಕೂತವರಿಗೆ ಅದು ತಾನಾಗಿ ತಿಳಿಯುತ್ತೆ. ಸುಮ್ನೆ ಒತ್ತುತ್ತಾ ಹೋದರೆ ತಿಳಿಯಲ್ಲ.

ಫ್ಲಾಶ್ ಬೇಡವೇ ಬೇಡ. ಫೋಕಸ್ ಬೀಪ್, ಫೋಕಸ್‌ಗೆ ಹತ್ತುವ ಚಿಕ್ಕ ದೀಪ, ಎರಡನ್ನೂ ಮನೆಯಲ್ಲೇ ಆಫ್ ಮಾಡಿಕೊಂಡು ಹೋಗಿ. ಸಂಘಟಕರ ಒಪ್ಪಿಗೆಯನ್ನು ಮೊದಲೇ ಕೇಳಿ. ಕುವೆಂಪು ರಂಗಮಂದಿರದಂಥ ದೊಡ್ಡ ಸಭಾಂಗಣದಲ್ಲಿ ಹಿಂದಿನ ಸಾಲಿನಿಂದ 50 ಎಂಎಂ ಸಾಲುವುದಿಲ್ಲ. ಮುಂದಿನ ಸಾಲುಗಳ ಅಂಚಿನಲ್ಲಿ ಜಾಗ ಹಿಡಿಯಿರಿ.

ಬಜೆಟ್ ಇನ್ನೊಂದಿಷ್ಟು ಏರಿಸಬಹುದಾದರೆ ಹಳೇ ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಇರುವ) ಕ್ಯಾನನ್ 6ಡಿ, ನಿಕಾನ್ ಡಿ750 ಇವೆ. ಕಡಿಮೆ ಬೆಳಕಿನಲ್ಲಿ ಇವು ಇನ್ನೂ ಚೆನ್ನ. ಆದರೆ 50 ಎಂಎಂ ಲೆನ್ಸ್ 200ಡಿಯಲ್ಲಿ 80 ಎಂಎಂ ಹಾಗೆ ಹತ್ತಿರ ತೋರಿಸುತ್ತೆ. ಫುಲ್ ಫ್ರೇಮ್‌ನಲ್ಲಿ ಅದು ಬರೀ 50. ಆಗ 85 ಎಂಎಂ ಲೆನ್ಸ್ ಖರ್ಚು ಬೇರೆ ಬರುತ್ತೆ. ನಿಮ್ಮ ಜಾಗದಲ್ಲಿದ್ದರೆ ನಾನು ಈಗ ಅದರ ತಂಟೆಗೆ ಹೋಗ್ತಿರಲಿಲ್ಲ.

ಬಳಸಿದ್ದು ಕೊಳ್ಳುವಾಗ ನಮ್ಮ ಮಲೆನಾಡಿನಲ್ಲಿ ಮುಖ್ಯವಾಗಿ ನೋಡಬೇಕಾದ್ದು ಫಂಗಸ್. ಲೆನ್ಸ್ ಬಿಚ್ಚಿ, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಅನ್ನಿ. ತೀರ್ಥಹಳ್ಳಿ, ಹೊಸನಗರ ಕಡೆಯ ಮಳೆಗಾಲದಲ್ಲಿ ಬ್ಯಾಗಿನೊಳಗೇ ತಿಂಗಳುಗಟ್ಟಲೆ ಇಟ್ಟ ಲೆನ್ಸ್‌ಗೆ ಬೂಷ್ಟು ಹಿಡಿಯೋದು ಮಾಮೂಲು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಇಷ್ಟಿದ್ದರೆ ಸಾಕು. ಬಣ್ಣ ಬದಲಾಯಿಸುವ ಜೆಲ್ ಸಿಕ್ಕರೆ ಅದನ್ನೇ ತನ್ನಿ, ಯಾವಾಗ ಒಣಗಿಸಬೇಕು ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ.