ಗೆದ್ದ ಈಡಿಪಸ್ ಎಲ್ಲೆಲ್ಲೂ ಇದ್ದಾನೆ, ಸೋತವನು ಎಲ್ಲಿ?

ಪ್ರಶ್ನೆ: ಕಾಲೇಜಿನಲ್ಲಿದ್ದಾಗ ಲಂಕೇಶರು ಕನ್ನಡಕ್ಕೆ ತಂದ ‘ದೊರೆ ಈಡಿಪಸ್’ ನಾಟಕ ಓದಿದ್ದೆ. ಕಣ್ಣು ಚುಚ್ಚಿಕೊಂಡು ರಕ್ತ ಸುರಿಸುತ್ತ ಹೊರಗೆ ಬರುವ ರಾಜನೇ ನನ್ನ ತಲೆಯಲ್ಲಿ ಉಳಿದಿದ್ದಾನೆ. ಆದರೆ ಇಂಟರ್ನೆಟ್‌ನಲ್ಲಿ ಅವನ ಚಿತ್ರ ಹುಡುಕಿದರೆ ಬೇರೇನೋ ಸಿಗುತ್ತದೆ. ಹೆಣ್ಣಿನ ಮುಖ, ಸಿಂಹದ ಮೈ ಇರುವ ಪ್ರಾಣಿಯ ಎದುರು ನಿಂತ ಚೆಂದದ ಹುಡುಗ. ಕಲಾವಿದರು ದುರಂತವನ್ನು ಬಿಟ್ಟು ಇದನ್ನೇ ಯಾಕೆ ಹಿಡಿದುಕೊಂಡರು? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ನೀವು ಹುಡುಕಿದ ರೀತಿಯಲ್ಲೇನೂ ತಪ್ಪಿಲ್ಲ. ಸುಮಾರು ಎರಡೂವರೆ ಸಾವಿರ ವರ್ಷದಿಂದ ಇದೇ ಕಥೆ.

ನಾಟಕ ಓದದವರಿಗಾಗಿ ಎರಡು ಮಾತು. ಈ ಮಗ ಅಪ್ಪನನ್ನು ಕೊಲ್ಲುತ್ತಾನೆ ಅಂತ ಕಣಿ ಬಂದದ್ದರಿಂದ ಗ್ರೀಸಿನ ಥೀಬ್ಸ್‌ನ ರಾಜ ಲಾಯಸ್ ಮಗುವಿನ ಕಾಲಿನ ಹರಡು ಚುಚ್ಚಿಸಿ ಬೆಟ್ಟದಲ್ಲಿ ಬಿಡಿಸುತ್ತಾನೆ. ಕುರುಬರ ಕೈ ಸೇರಿದ ಮಗು ಕೊರಿಂತ್‌ನಲ್ಲಿ ರಾಜಕುಮಾರನಾಗಿ ಬೆಳೆಯುತ್ತದೆ. ದೊಡ್ಡವನಾದ ಮೇಲೆ ಮೂರು ದಾರಿ ಕೂಡುವಲ್ಲಿ ಜಗಳವಾಗಿ, ಯಾರೆಂದು ತಿಳಿಯದೆ ಅಪ್ಪನನ್ನು ಕೊಲ್ಲುತ್ತಾನೆ. ಥೀಬ್ಸ್‌ನ ಜನರನ್ನು ನುಂಗುತ್ತಿದ್ದ, ನೀವು ಚಿತ್ರದಲ್ಲಿ ನೋಡಿದ ಆ ಪ್ರಾಣಿ, ಸ್ಫಿಂಕ್ಸ್‌ನ ಒಗಟು ಬಿಡಿಸುತ್ತಾನೆ: ಮೊದಲು ನಾಲ್ಕು ಕಾಲು, ಆಮೇಲೆ ಎರಡು, ಕೊನೆಗೆ ಮೂರು ಕಾಲಲ್ಲಿ ನಡೆಯುವುದು ಯಾವುದು? ಉತ್ತರ, ಮನುಷ್ಯ. ಅದಕ್ಕೆ ಬಹುಮಾನವಾಗಿ ಪಟ್ಟ ಸಿಗುತ್ತದೆ, ರಾಣಿ ಯೊಕಾಸ್ಟಳ ಕೈಯೂ ಸಿಗುತ್ತದೆ. ಆಕೆ ಅವನ ತಾಯಿ. ನಿಜ ಗೊತ್ತಾದಾಗ ಆಕೆ ನೇಣು ಹಾಕಿಕೊಳ್ಳುತ್ತಾಳೆ, ಅವನು ಆಕೆಯ ಬಟ್ಟೆಯ ಚಿನ್ನದ ಪಿನ್ನುಗಳನ್ನೇ ಕಿತ್ತು ಕಣ್ಣಿಗೆ ಚುಚ್ಚಿಕೊಳ್ಳುತ್ತಾನೆ.

ನಿಮ್ಮ ತಲೆಯಲ್ಲಿರುವ ರಾಜ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ರಾಜ, ಲಂಕೇಶರು ಕನ್ನಡಕ್ಕೆ ತಂದದ್ದು ಅವನ ನಾಟಕವನ್ನೇ. ಆ ನಾಟಕ ಕ್ರಿ.ಪೂ. 429ರ ಆಸುಪಾಸಿನದು. ಒಗಟಿನ ಕಥೆ ಅದಕ್ಕಿಂತ ಹಳೆಯದು, ಮಡಕೆಗಳ ಮೇಲೆ ಆಗಲೇ ಬಂದುಬಿಟ್ಟಿತ್ತು.

ಅದರಲ್ಲಿ ಎಲ್ಲಕ್ಕಿಂತ ಹೆಸರಾದದ್ದು ವ್ಯಾಟಿಕನ್ ಮ್ಯೂಸಿಯಂನಲ್ಲಿರುವ ಒಂದು ವೈನ್ ಬಟ್ಟಲು, ಸುಮಾರು ಕ್ರಿ.ಪೂ. 470ರದ್ದು. ಅಥೆನ್ಸ್‌ನಲ್ಲಿ ಮಾಡಿದ್ದು, ಸಿಕ್ಕಿದ್ದು ಇಟಲಿಯ ವುಲ್ಚಿಯಲ್ಲಿ. ಚಿತ್ರ ಇರುವುದು ಬಟ್ಟಲಿನ ಒಳತಳದಲ್ಲಿ. ಅಂದರೆ ವೈನ್ ಮುಗಿಯುತ್ತ ಬಂದಾಗಲೇ ಕುಡಿಯುವವನಿಗೆ ಅದು ಕಾಣಬೇಕು. ಸ್ಫಿಂಕ್ಸ್ ಒಂದು ಕಂಬದ ಮೇಲೆ ಕೂತಿದೆ. ಕೆಳಗೆ ಈಡಿಪಸ್ ದಾರಿಹೋಕನ ಅಗಲ ಟೋಪಿ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ, ಗಲ್ಲಕ್ಕೆ ಕೈ ಕೊಟ್ಟು ಆರಾಮಾಗಿ ಕೂತಿದ್ದಾನೆ. ಬಸ್ಸಿಗೆ ಕಾಯುವವನ ಹಾಗೆ! ತಪ್ಪು ಉತ್ತರ ಕೊಟ್ಟರೆ ಪ್ರಾಣ ಹೋಗುತ್ತದೆ ಅನ್ನುವ ಗಾಬರಿ ಒಂಚೂರೂ ಇಲ್ಲ. ಸ್ಫಿಂಕ್ಸ್‌ನ ಬಾಯಿಯ ಹತ್ತಿರ ಪುಟ್ಟ ಅಕ್ಷರಗಳಿವೆ, ಒಗಟಿನ ಒಂದು ತುಣುಕು. ನಾಲ್ಕು ಕಾಲು, ಎರಡು ಕಾಲು, ‘ಮತ್ತು ಮೂರು...’ ಅನ್ನುವಲ್ಲಿಗೆ ಮಾತು ಬಂದಿದೆ. ಮೂರನೆಯ ಕಾಲು ಅಂದರೆ ಮುದುಕನ ಊರುಗೋಲು. ಈಡಿಪಸ್ ಕೈಯಲ್ಲಿ ಆಗಲೇ ಒಂದು ಕೋಲಿದೆ. ನನ್ನನ್ನು ಕೇಳಿದರೆ ಅವನ ಬಗ್ಗೆ ಬಂದ ಚಿತ್ರಗಳಲ್ಲಿ ಇದನ್ನು ಮೀರಿಸಿದ್ದು ಇನ್ನೊಂದಿಲ್ಲ.

ಕಣ್ಣು ಚುಚ್ಚಿಕೊಳ್ಳುವುದನ್ನು ಯಾಕೆ ಬರೆಯಲಿಲ್ಲ ಅಂದರೆ, ಅದನ್ನು ಅಥೆನ್ಸ್‌ನ ಪ್ರೇಕ್ಷಕರೂ ಕಣ್ಣಾರೆ ನೋಡಿರಲಿಲ್ಲ. ಅದು ಅರಮನೆಯ ಒಳಗೆ ನಡೆಯುತ್ತದೆ. ಒಬ್ಬ ಸೇವಕ ಹೊರಗೆ ಬಂದು ಹೇಳುತ್ತಾನೆ, ಜನ ಕೇಳಿಸಿಕೊಳ್ಳುತ್ತಾರೆ. ಗ್ರೀಕ್ ದುರಂತ ನಾಟಕದಲ್ಲಿ ಸಾವು, ರಕ್ತಪಾತ ಎಲ್ಲ ಜಾಸ್ತಿ ಹೀಗೆ ಬಾಯಿಮಾತಲ್ಲೇ ಬರುತ್ತದೆ. ನಾಟಕದ ಪ್ರಭಾವ ಇರುವ ಚಿತ್ರಗಳೂ ಆ ಮರ್ಯಾದೆ ಬಿಡಲಿಲ್ಲ. ಸಿಸಿಲಿಯ ಸಿರಾಕ್ಯೂಸ್ ಮ್ಯೂಸಿಯಂನಲ್ಲಿ ಸುಮಾರು ಕ್ರಿ.ಪೂ. 330ರ ಒಂದು ದೊಡ್ಡ ವೈನ್ ಪಾತ್ರೆಯ ಭಾಗ ಇದೆ. ವಿದ್ವಾಂಸರಲ್ಲಿ ಹೆಚ್ಚಿನವರು ಅದು ಇದೇ ನಾಟಕದ ದೃಶ್ಯ ಅನ್ನುತ್ತಾರೆ. ಕೊರಿಂತ್‌ನಿಂದ ಬಂದ ಮುದುಕ ಹಳೆಯ ಸಂಗತಿ ಹೇಳುತ್ತಿದ್ದಾನೆ. ಗಡ್ಡದ ರಾಜ ಕೇಳುತ್ತಿದ್ದಾನೆ, ಇನ್ನೂ ಪೂರ್ತಿ ಅರ್ಥವಾಗಿಲ್ಲ. ರಾಣಿಗೆ ಅರ್ಥವಾಗಿದೆ, ಬಟ್ಟೆಯ ಅಂಚನ್ನು ಮುಖದ ಹತ್ತಿರ ತಂದಿದ್ದಾಳೆ. ಪಕ್ಕದಲ್ಲೇ ಪುಟ್ಟ ಮಕ್ಕಳು. ಒಂದು ಹನಿ ರಕ್ತ ಇಲ್ಲ, ಆದರೂ ಎದೆ ಧಸಕ್ ಅನ್ನುತ್ತದೆ.

ಇನ್ನು ನಿಮ್ಮ ಕಣ್ಣಿಗೆ ಬಿದ್ದ ಚೆಂದದ ಹುಡುಗ. ಅದು ಬಹುಶಃ ಫ್ರಾನ್ಸ್‌ನ ಆಂಗ್ರ 1808ರಲ್ಲಿ ಬರೆದ ಚಿತ್ರ. ಆತನಿಗೆ ಆಗಿನ್ನೂ ಮೂವತ್ತಾಗಿರಲಿಲ್ಲ. ರೋಮ್‌ನಲ್ಲಿದ್ದ ಫ್ರೆಂಚ್ ಅಕಾಡೆಮಿಯ ವಿದ್ಯಾರ್ಥಿ. ಬತ್ತಲೆ ಮೈ ಬರೆಯುವುದರಲ್ಲಿ ತನ್ನ ಕೈ ಎಷ್ಟು ಪಳಗಿದೆ ಅಂತ ಪ್ಯಾರಿಸ್‌ನ ಹಿರಿಯರಿಗೆ ತೋರಿಸಬೇಕಿತ್ತು. ಹಾಗಾಗಿ ಕಥೆಗಿಂತ ಮೈಕಟ್ಟೇ ಮುಂದೆ ನಿಂತಿದೆ. ಆ ನಿಲುವನ್ನು ಚಪ್ಪಲಿ ಕಟ್ಟಿಕೊಳ್ಳುತ್ತಿರುವ ಗ್ರೀಕ್ ದೇವತೆ ಹರ್ಮಿಸ್‌ನ ಹಳೆಯ ಶಿಲ್ಪದಿಂದ ತೆಗೆದುಕೊಂಡಿದ್ದಾನೆ. ಮುಂದೆ ಕ್ಯಾನ್ವಾಸನ್ನು ದೊಡ್ಡದು ಮಾಡಿ, ತಿದ್ದಿ, 1827ರಲ್ಲಿ ಪ್ರದರ್ಶನಕ್ಕೆ ಇಟ್ಟ. ಈಗ ಅದು ಲೂವ್ರ್ ಮ್ಯೂಸಿಯಂನಲ್ಲಿದೆ. ಮುಂದಿನ ಸಲ ನೋಡುವಾಗ ಈಡಿಪಸ್‌ನ ಬಿಟ್ಟು ಎಡಗಡೆ ಕೆಳಮೂಲೆ ನೋಡಿ. ಸತ್ತವನೊಬ್ಬನ ಅಂಗಾಲು, ಜೊತೆಗೆ ಮೂಳೆಗಳು. ಅಲ್ಲಿಗೆ ಮೊದಲೇ ಬಂದು ಒಗಟು ಬಿಡಿಸಲಾಗದವರ ಗತಿ ಅದು. ಹಿಂದೆ ಬಲಕ್ಕೆ ಒಬ್ಬ ಹೆದರಿ ಓಡುತ್ತಿದ್ದಾನೆ. ಈಡಿಪಸ್ ಮಾತ್ರ ಒಂದು ಕಾಲನ್ನು ಬಂಡೆಯ ಮೇಲಿಟ್ಟು, ಮುಂದಕ್ಕೆ ಬಾಗಿ, ಬೆರಳು ತೋರಿಸುತ್ತ ಉತ್ತರ ಹೇಳುತ್ತಿದ್ದಾನೆ, ಲೆಕ್ಕದ ಮೇಷ್ಟ್ರಿಗಿಂತ ಜಾಸ್ತಿ ನಂಬಿಕೆಯಿಂದ.

ಗುಸ್ತಾವ್ ಮೊರೊ 1864ರಲ್ಲಿ ಇದಕ್ಕೆ ಜವಾಬು ಕೊಟ್ಟ ಹಾಗೆ ಇನ್ನೊಂದು ಬರೆದ. ಅವನ ಸ್ಫಿಂಕ್ಸ್ ಹಾರಿ ಬಂದು ಈಡಿಪಸ್‌ನ ಎದೆಗೇ ಉಗುರು ಊರಿ ಅಂಟಿಕೊಂಡಿದೆ. ಇಬ್ಬರ ಮುಖಕ್ಕೂ ನಡುವೆ ಗೇಣು ಜಾಗ ಇದ್ದರೆ ಹೆಚ್ಚು. ಪ್ಯಾರಿಸ್‌ನಲ್ಲಿ ದೊಡ್ಡ ಸುದ್ದಿಯಾಯಿತು, ಚಿತ್ರವನ್ನು ರಾಜಕುಮಾರ ನೆಪೋಲಿಯನ್ (ಹೆಸರಾಂತ ಚಕ್ರವರ್ತಿಯಲ್ಲ, ಅವನ ತಮ್ಮನ ಮಗ) ಕೊಂಡ. ಈಗ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅವರ ವೆಬ್‌ಸೈಟಿನಲ್ಲಿ ಉಚಿತವಾಗಿ, ದೊಡ್ಡದಾಗಿ ಸಿಗುತ್ತದೆ. ಇಲ್ಲೂ ಕೆಳಗಿನಿಂದ ನೋಡುತ್ತ ಬನ್ನಿ. ಬಂಡೆ ಹಿಡಿದ ಒಂದು ಕೈ, ಒಂದು ಪಾದ, ಒಂದು ಕಿರೀಟ. ಉಳಿದ ಅಲಂಕಾರ ನನಗೆ ಸ್ವಲ್ಪ ಅತಿ ಅನ್ನಿಸುತ್ತದೆ. ಕಂಬ, ಅದರ ಮೇಲೊಂದು ಕಲಶ, ಅದಕ್ಕೆ ಸುತ್ತಿದ ಹಾವು, ಮೇಲೊಂದು ಚಿಟ್ಟೆ. ಇಷ್ಟೆಲ್ಲ ಬೇಕಿತ್ತಾ?

ಹೀಗೆ ಗೆಲುವನ್ನೇ ಬರೆದರೂ ಇವರು ದುರಂತವನ್ನು ಬಿಟ್ಟಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಚಿತ್ರದಲ್ಲಿ ಸಿಗುವುದು ಒಂದು ಕ್ಷಣ ಮಾತ್ರ, ಮುಂದೇನಾಗುತ್ತದೆ ಅಂತ ನೋಡುವವರಿಗೆ ಮೊದಲೇ ಗೊತ್ತು. ಒಗಟು ಬಿಡಿಸಿದ್ದಕ್ಕೇ ಅವನಿಗೆ ಪಟ್ಟ ಸಿಕ್ಕಿದ್ದು, ಪಟ್ಟದ ಜೊತೆಗೇ ತಾಯಿ ಹೆಂಡತಿಯಾಗಿ ಬಂದದ್ದು. ಅಲ್ಲಿ ಸೋತಿದ್ದರೆ ಬರೀ ಪ್ರಾಣ ಹೋಗುತ್ತಿತ್ತು, ಅಲ್ವಾ?

ಒಂದು ಮಾತ್ರ ಆಂಗ್ರ ಮರೆತ. ಮಗುವಾಗಿದ್ದಾಗ ಚುಚ್ಚಿದ್ದ ಕಾಲಲ್ಲಿ ಒಂದು ಗಾಯದ ಗುರುತೂ ಇಲ್ಲ. ಅದನ್ನು ತುಂಬಿದ್ದು ಬ್ರಿಟಿಷ್ ಚಿತ್ರಕಾರ ಫ್ರಾನ್ಸಿಸ್ ಬೇಕನ್, 1983ರಲ್ಲಿ. ಆಂಗ್ರ ಚಿತ್ರವನ್ನೇ ಮುಂದಿಟ್ಟುಕೊಂಡು ಬರೆದ ಆ ಚಿತ್ರದಲ್ಲಿ ಮೇಲೆತ್ತಿ ಇಟ್ಟ ಪಾದಕ್ಕೆ ಬ್ಯಾಂಡೇಜು ಸುತ್ತಿದೆ, ರಕ್ತ ಒಸರುತ್ತಿದೆ.

ಪ್ರಶ್ನೆ: ಕುರುಡ ಮುದುಕನನ್ನು ಒಬ್ಬ ಹುಡುಗಿ ಕೈಹಿಡಿದು ನಡೆಸುವ ಹಳೆಯ ಫ್ರೆಂಚ್ ಚಿತ್ರಗಳನ್ನು ನೋಡಿದ್ದೇನೆ. ಅವನೂ ಈಡಿಪಸ್ಸೇನಾ? (ಮೈಸೂರಿನ ಓದುಗರೊಬ್ಬರು)

ಉತ್ತರ: ಹೌದು, ಹುಡುಗಿ ಅವನ ಮಗಳು ಆಂಟಿಗೊನೆ. ಮೇಲಿನ ಓದುಗರು ಹುಡುಕುತ್ತಿದ್ದ ರಾಜನೂ ಇವನೇ. ಸೊಫೊಕ್ಲಿಸ್ ಮುದಿ ವಯಸ್ಸಿನಲ್ಲಿ ಬರೆದ ಇನ್ನೊಂದು ನಾಟಕದಲ್ಲಿ, ದೇಶ ಬಿಟ್ಟ ಕುರುಡ ಈಡಿಪಸ್ ಅಥೆನ್ಸ್ ಪಕ್ಕದ ಕೊಲೊನಸ್ ಊರಿಗೆ ಬರುತ್ತಾನೆ. ಅದು ರಂಗಕ್ಕೆ ಬಂದದ್ದು ಕ್ರಿ.ಪೂ. 401ರಲ್ಲಿ, ಬರೆದವನು ತೀರಿಕೊಂಡ ಮೇಲೆ. 1786ರಲ್ಲಿ ಇಟಲಿಯ ಸಂಗೀತಗಾರ ಸಾಕ್ಕಿನಿ ಇದೇ ಕಥೆಯ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಮಾಡಿದ. ಆ ಹೊತ್ತಿನ ಫ್ರೆಂಚ್ ಕಲಾವಿದರಿಗೆ ಇದು ಇಷ್ಟದ ವಿಷಯ. ಜಿರೂ 1788ರಲ್ಲಿ ಬರೆದದ್ದು ಡಲ್ಲಾಸ್‌ನಲ್ಲಿದೆ, ಹ್ಯಾರಿಯೆ 1798ರಲ್ಲಿ ಬರೆದದ್ದು ಕ್ಲೀವ್‌ಲ್ಯಾಂಡ್‌ನಲ್ಲಿ. ಅದಕ್ಕೂ ಮೊದಲು, 1784ರಲ್ಲಿ, ರೋಮ್‌ನಲ್ಲಿದ್ದ ಗಾನ್ಯರೊ ಕುರುಡ ಈಡಿಪಸ್ ತನ್ನ ಮಕ್ಕಳನ್ನು ದೇವರಿಗೆ ಒಪ್ಪಿಸುವುದನ್ನು ಬರೆದಿದ್ದ. ಅದನ್ನು ಸ್ವೀಡನ್ನಿನ ದೊರೆ ಮೂರನೇ ಗುಸ್ತಾವ್ ಕೊಂಡುಕೊಂಡ. ಇವರ್ಯಾರೂ ಕಣ್ಣು ಚುಚ್ಚಿಕೊಳ್ಳುವ ಕ್ಷಣಕ್ಕೆ ಕೈ ಹಾಕಲಿಲ್ಲ. ಆದಮೇಲಿನದ್ದನ್ನೇ ಬರೆದರು.

ಪ್ರಶ್ನೆ: ಫ್ರಾಯ್ಡ್ ತನ್ನ ಕೋಣೆಯಲ್ಲಿ ಈಡಿಪಸ್ ಚಿತ್ರ ಇಟ್ಟುಕೊಂಡಿದ್ದ ಅನ್ನುವುದು ನಿಜವಾ, ಸುಮ್ನೆ ಕಟ್ಟಿದ ಕಥೆಯಾ?

ಉತ್ತರ: ನಿಜ. ಫ್ರಾಯ್ಡ್ ಅಂದರೆ ಮನೋವಿಶ್ಲೇಷಣೆ ಶುರುಮಾಡಿದ ವೈದ್ಯ, ಮಗುವಿಗೆ ತಾಯಿಯ ಮೇಲಿರುವ ಒಳಸೆಳೆತಕ್ಕೆ ಈಡಿಪಸ್ ಹೆಸರನ್ನೇ ಇಟ್ಟವನು. ಆಂಗ್ರ ಚಿತ್ರದ ಒಂದು ಮುದ್ರಿತ ಪ್ರತಿ ವಿಯೆನ್ನಾದ ಅವನ ಕೋಣೆಯಲ್ಲಿ, ರೋಗಿಗಳು ಮಲಗುತ್ತಿದ್ದ ಮಂಚದ ಹತ್ತಿರವೇ ಇತ್ತು. 1906ರಲ್ಲಿ, ಐವತ್ತು ತುಂಬಿದಾಗ, ಶಿಷ್ಯರು ಒಂದು ಪದಕ ಕೊಟ್ಟರು. ಒಂದು ಕಡೆ ಫ್ರಾಯ್ಡ್ ಮುಖ, ಇನ್ನೊಂದು ಕಡೆ ಸ್ಫಿಂಕ್ಸ್ ಎದುರು ಈಡಿಪಸ್, ಜೊತೆಗೆ ಒಗಟು ಬಿಡಿಸಿದವನನ್ನು ಹೊಗಳುವ ಸೊಫೊಕ್ಲಿಸ್‌ನ ಸಾಲು. ಅದನ್ನು ಓದಿ ಫ್ರಾಯ್ಡ್ ಮುಖ ಬಿಳಿಚಿಕೊಂಡಿತು ಅಂತ ಅವನ ಜೀವನಚರಿತ್ರೆ ಬರೆದ ಅರ್ನೆಸ್ಟ್ ಜೋನ್ಸ್ ಹೇಳುತ್ತಾರೆ. ಓದುವ ಹುಡುಗನಾಗಿದ್ದಾಗ ವಿಯೆನ್ನಾ ವಿಶ್ವವಿದ್ಯಾಲಯದ ಅಂಗಳದಲ್ಲಿ ಪ್ರೊಫೆಸರುಗಳ ಪ್ರತಿಮೆ ನೋಡುತ್ತ, ಮುಂದೆ ಇಲ್ಲಿ ತನ್ನದೂ ಒಂದು ನಿಂತಂತೆ, ಅದರ ಕೆಳಗೆ ಇದೇ ಸಾಲು ಇದ್ದಂತೆ ಅವನು ಕನಸು ಕಂಡಿದ್ದನಂತೆ. 1955ರಲ್ಲಿ ಜೋನ್ಸ್ ಮುಂದೆ ನಿಂತು ಅಲ್ಲಿ ಫ್ರಾಯ್ಡ್ ಪ್ರತಿಮೆ ಇಡಿಸಿದರು, ಅದೇ ಸಾಲು ಕೆತ್ತಿಸಿ.