ಶಾಲೆಯ ಸೂರಿಗೂ ಮತ ಕೇಳುವ ಊರು

"ಅಕ್ಕ, ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಬಂದು ಎಂಟು ತಿಂಗಳಾಯಿತು. ಅಂಚೆ ಡಬ್ಬಿಯ ತುಂಬ ಶಾಲಾ ಕಟ್ಟಡದ ದುರಸ್ತಿಗೆ ಮತ ಹಾಕಿ ಎನ್ನುವ ಬಣ್ಣದ ಕಾಗದಗಳು. ಇಷ್ಟು ಶ್ರೀಮಂತ ನಾಡಿನಲ್ಲಿ ಶಾಲೆಯ ಸೂರು ಸೋರಿದರೆ ಊರಿನವರ ಮತ ಕೇಳಬೇಕೇ? ಬಾಡಿಗೆ ಮನೆಯಲ್ಲಿ, ಎಚ್-1ಬಿ ವೀಸಾದಲ್ಲಿ ಇರುವ ನಮಗೆ ಇದರಲ್ಲಿ ಏನು ಕೆಲಸ?" ಎಂದು ಕೇಳಿದ್ದೀರಿ.

ಇಪ್ಪತ್ತೆರಡು ವರ್ಷದ ಹಿಂದೆ ನನಗೂ ಹೀಗೇ ಅನ್ನಿಸಿತ್ತು. ನಾನು ಓದಿದ್ದು ತೀರ್ಥಹಳ್ಳಿ ಕಡೆಯ ಸರ್ಕಾರಿ ಶಾಲೆಯಲ್ಲಿ. ಮಳೆಗಾಲಕ್ಕೆ ಮುಂಚೆ ಹೆಡ್‌ಮಾಸ್ತರರು ಮನೆಮನೆಗೆ ಬರುತ್ತಿದ್ದರು. ಒಬ್ಬರು ನೂರು ಹಂಚು, ಇನ್ನೊಬ್ಬರು ನಾಲ್ಕು ರೀಪು, ಏನೂ ಇಲ್ಲದವರು ಒಂದು ದಿನದ ಮೈಗೆಲಸ. ಕೊಟ್ಟವರ ಹೆಸರು ಗೋಡೆಯ ಮೇಲೆ ಬಣ್ಣದಲ್ಲಿ ಬೀಳುತ್ತಿತ್ತು. ಹೊಸ ಕೊಠಡಿ ಬೇಕೆಂದರೆ ಶಾಸಕರ ಅನುದಾನಕ್ಕೆ ಕಾಯಬೇಕು. ಇಲ್ಲಿ ಯಾರ ಹೆಸರೂ ಗೋಡೆಗೆ ಬೀಳುವುದಿಲ್ಲ. ಇಡೀ ಊರು ಸೇರಿ ಬಾಂಡ್ ಎಂಬ ಸಾಲ ಮಾಡುತ್ತದೆ, ಇಪ್ಪತ್ತೈದು ಮೂವತ್ತು ವರ್ಷ ಮನೆತೆರಿಗೆಯ ಜೊತೆ ಬಡ್ಡಿ ಸಮೇತ ತೀರಿಸುತ್ತದೆ. ಆ ಸಾಲಕ್ಕೆ ಊರಿನ ಒಪ್ಪಿಗೆ ಕೇಳುವುದೇ ನಿಮಗೆ ಬಂದ ಕಾಗದಗಳಲ್ಲಿರುವ ಮೆಷರ್. ಅಕ್ಷರದ ಹೆಸರಿದ್ದರೆ ಸ್ಥಳೀಯ ಮೆಷರ್, ಅಂಕಿ ಇದ್ದರೆ ಇಡೀ ರಾಜ್ಯದ ಪ್ರೊಪೊಸಿಷನ್ ಎಂದು ಸದ್ಯಕ್ಕೆ ತಿಳಿದುಕೊಳ್ಳಿ.

ಸೂರಿಗೆ ಹಣ ಏಕಿಲ್ಲ ಎಂದರೆ, ಕ್ಯಾಲಿಫೋರ್ನಿಯಾದಲ್ಲಿ ಶಾಲೆಯ ದಿನನಿತ್ಯದ ಖರ್ಚಿನ ಹಣವೇ ಬೇರೆ, ಕಟ್ಟಡದ ಹಣವೇ ಬೇರೆ. ಶಿಕ್ಷಕರ ಸಂಬಳದಂಥವಕ್ಕೆ ಮಕ್ಕಳ ಹಾಜರಿಯ ಲೆಕ್ಕದಲ್ಲಿ ಹಣ ನಿಗದಿಯಾಗುತ್ತದೆ. ದೊಡ್ಡ ದುರಸ್ತಿಗೆ ಹೆಚ್ಚಾಗಿ ಬಾಂಡ್ ಸಾಲವೇ ಗತಿ. ರಾಜ್ಯವೂ ಕೊಡುತ್ತದೆ, 2024ರ ನವೆಂಬರಿನಲ್ಲಿ ಮತದಾರರು ಒಪ್ಪಿದ 'ಪ್ರೊಪೊಸಿಷನ್ 2' ಎಂಬುದು ಒಂದು ಸಾವಿರ ಕೋಟಿ ಡಾಲರಿನದು. ಆದರೆ ಹಳೆಯ ಕಟ್ಟಡ ನವೀಕರಿಸಲು ರಾಜ್ಯ ನೂರಕ್ಕೆ ಸುಮಾರು 60 ಪಾಲು ಹಾಕಿದರೆ, ಉಳಿದದ್ದನ್ನು ಜಿಲ್ಲೆ ಹೊಂದಿಸಬೇಕು. ಜಿಲ್ಲೆ ಎಂದರೆ ನಮ್ಮ ಶಿವಮೊಗ್ಗ ಜಿಲ್ಲೆಯಂಥದ್ದಲ್ಲ, ನಾಲ್ಕಾರು ಅಥವಾ ನಲವತ್ತು ಶಾಲೆಗಳ ಆಡಳಿತ ಘಟಕ. ತನ್ನ ಪಾಲು ಹೊಂದಿಸದ ಜಿಲ್ಲೆಗೆ ಸಾಮಾನ್ಯವಾಗಿ ರಾಜ್ಯದ ಪಾಲೂ ಇಲ್ಲ. ಮೊತ್ತ ನೋಡಿ ಗಾಬರಿಯಾಗಬೇಡಿ: ಇಲ್ಲೇ ಬೇ ಏರಿಯಾದ ಫ್ರೀಮಾಂಟಿನವರು 2014ರಲ್ಲಿ ಒಪ್ಪಿದ ಮೆಷರ್ ಇ ಒಂದೇ 65 ಕೋಟಿ ಡಾಲರಿನದು. ಇಲ್ಲಿ ಶಾಲೆಯ ಗೋಡೆ ಮುಟ್ಟುವುದೂ ದುಬಾರಿ. 1933ರ ಮಾರ್ಚ್ 10ರ ಸಂಜೆ ಇದೇ ರಾಜ್ಯದ ಲಾಂಗ್ ಬೀಚ್ ಭೂಕಂಪದಲ್ಲಿ ಹತ್ತಾರು ಶಾಲೆಗಳು ಕುಸಿದವು. ತರಗತಿ ಬಿಟ್ಟಿದ್ದರಿಂದ ಮಕ್ಕಳು ಉಳಿದರು. ಒಂದು ತಿಂಗಳಲ್ಲೇ ಫೀಲ್ಡ್ ಕಾಯ್ದೆ ಬಂತು. ಅಂದಿನಿಂದ ಶಾಲಾ ಕಟ್ಟಡದ ನಕ್ಷೆಗೆ ರಾಜ್ಯದ ವಾಸ್ತುಶಿಲ್ಪ ವಿಭಾಗದ ಮೊಹರು ಬೇಕು. ಆ ಖರ್ಚಿನ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಇರುವುದು ಭಾರ ಹಂಚುವ ರೀತಿಯಲ್ಲಿ. 1978ರ ಪ್ರೊಪೊಸಿಷನ್ 13ರ ಪ್ರಕಾರ ಮನೆಯ ತೆರಿಗೆ ಮೌಲ್ಯ ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಹೆಚ್ಚು ಏರುವಂತಿಲ್ಲ. ಮಾರಾಟವಾದಾಗ ಹೊಸ ಬೆಲೆ. ನಮ್ಮ ಪಕ್ಕದ ಮನೆಯ ಅಜ್ಜಿ 1985ರಲ್ಲಿ 1.3 ಲಕ್ಷ ಡಾಲರಿಗೆ ಕೊಂಡದ್ದು. ನಲವತ್ತು ವರ್ಷ ಏರಿದರೂ ಅವರ ಮನೆಯ ಮೌಲ್ಯ ಮೂರು ಲಕ್ಷ ಮುಟ್ಟಿಲ್ಲ. ಎದುರಿಗೆ ಮೊನ್ನೆ ಬಂದ ತೆಲುಗು ದಂಪತಿಗಳದ್ದು 15 ಲಕ್ಷ. ಒಂದರಿಂದ ಹನ್ನೆರಡರವರೆಗೆ ನಡೆಸುವ ಜಿಲ್ಲೆಯಾದರೆ ಒಂದು ಬಾಂಡಿಗೆ ಆ ಮೌಲ್ಯದ ಲಕ್ಷ ಡಾಲರಿಗೆ ವರ್ಷಕ್ಕೆ 60 ಡಾಲರ್ ತೆರಿಗೆ ಎಂಬುದು ಅಂದಾಜಿನ ಮಿತಿ. ಪೂರ್ತಿ ಹಾಕಿದರೆ ಅಜ್ಜಿಗೆ ವರ್ಷಕ್ಕೆ 170 ಚಿಲ್ಲರೆ, ಈ ದಂಪತಿಗಳಿಗೆ 900. ಒಂದೇ ಬೀದಿ, ಒಂದೇ ಶಾಲೆ. ಮನೆ ಕೊಳ್ಳುವ ಯೋಚನೆ ನಿಮಗಿದ್ದರೆ ಬ್ಯಾಂಕಿನ ಕಂತಿನ ಜೊತೆ ಇದನ್ನೂ ಲೆಕ್ಕ ಹಾಕಿ. ಹಳೆಯ ಬಾಂಡುಗಳೂ ಒಂದರ ಕೆಳಗೊಂದು ತೆರಿಗೆಯ ಚೀಟಿಯಲ್ಲಿ ಕುಳಿತಿರುತ್ತವೆ. ಬಾಡಿಗೆಯವರು ಪಾರು ಎಂದೇನೂ ಅಲ್ಲ. ಮನೆಯೊಡೆಯ ಆ ಚೀಟಿಯನ್ನು ನಿಮಗೆ ತೋರಿಸುವುದಿಲ್ಲ, ಬಾಡಿಗೆ ಗೊತ್ತುಮಾಡುವಾಗ ಮರೆಯುವುದೂ ಇಲ್ಲ.

ಮತಪತ್ರದಲ್ಲಿ ಮೆಷರಿನ ಪ್ರಶ್ನೆಗೆ ಸಿಗುವುದು 75 ಪದ. ಅಷ್ಟರಲ್ಲಿ ಸೋರುವ ಸೂರು, ಹಳೆಯ ವೈರಿಂಗ್, ಸುರಕ್ಷಿತ ಕುಡಿಯುವ ನೀರು ಎಲ್ಲವೂ ಬರುತ್ತವೆ. ಓದಿ 'ಬೇಡ' ಎನ್ನಲು ಕೈ ಬರುವುದಿಲ್ಲ, ಬರೆಯುವವರಿಗೆ ಅದು ಗೊತ್ತು. ನೀವು ಓದಬೇಕಾದದ್ದು ಅದನ್ನಲ್ಲ. 2000ನೆಯ ಇಸವಿಯ ಪ್ರೊಪೊಸಿಷನ್ 39 ಶಾಲಾ ಬಾಂಡಿಗೆ ಬೇಕಾದ ಮತವನ್ನು ಮೂರನೆಯ ಎರಡು ಭಾಗದಿಂದ ಶೇಕಡಾ 55ಕ್ಕೆ ಇಳಿಸಿತು. ಅದಕ್ಕೆ ಬದಲಾಗಿ ಕಾಮಗಾರಿಗಳ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕಪರಿಶೋಧನೆ ಆಗಬೇಕು, ಶಿಕ್ಷಕರ ಅಥವಾ ಆಡಳಿತದವರ ಸಂಬಳಕ್ಕೆ ಹಣ ಮುಟ್ಟಬಾರದು, ನಾಗರಿಕರ ಮೇಲ್ವಿಚಾರಣಾ ಸಮಿತಿ ಇರಬೇಕು ಎಂದು ಕಟ್ಟು ಹಾಕಿತು. ಓದಬೇಕಾದದ್ದು ಆ ಪಟ್ಟಿಯನ್ನು.

ಓದುವಾಗಲೂ ಎಚ್ಚರ. ನಮ್ಮ ಮಗಳು ಮೂರನೆಯ ತರಗತಿಯಲ್ಲಿದ್ದಾಗ ಅವಳ ಪಾಠ ನಡೆಯುತ್ತಿದ್ದದ್ದು ಪೋರ್ಟಬಲ್ ಕೊಠಡಿಯಲ್ಲಿ, ಅಂದರೆ ಲಾರಿಯಲ್ಲಿ ತಂದಿಳಿಸಿದ ಡಬ್ಬದಲ್ಲಿ. ಸೆಪ್ಟೆಂಬರಿನ ಸೆಕೆಗೆ ಮಕ್ಕಳು ಬಾಡಿದ ಬಸಳೆಯಾಗಿ ಮನೆಗೆ ಬರುತ್ತಿದ್ದರು. ಪಟ್ಟಿಯಲ್ಲಿ ಅವಳ ಶಾಲೆಯ ಹೆಸರು ಕಂಡ ಖುಷಿಗೆ ನಾನು ಊರೆಲ್ಲ ಚೀಟಿ ಹಂಚಿದೆ. ಮೆಷರ್ ಗೆದ್ದಿತು. ಪಟ್ಟಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಮಾತಿತ್ತು: ಇಲ್ಲಿ ಹೆಸರಿಸಿದ ಮಾತ್ರಕ್ಕೆ ಕೆಲಸ ಆಗಿಯೇ ತೀರುತ್ತದೆ ಎಂಬ ಖಾತರಿಯಿಲ್ಲ. ಆ ಡಬ್ಬಗಳನ್ನು ಎತ್ತಿದಾಗ ಮಗಳು ಹೈಸ್ಕೂಲಿನಲ್ಲಿದ್ದಳು. ಆದರೂ ಮುಂದಿನ ಮೆಷರಿಗೂ 'ಬೇಕು' ಎಂದೇ ಒತ್ತಿದೆ. ಈಗ ಆ ಕೊಠಡಿಗಳಲ್ಲಿ ಕೂರುವುದು ನಿಮ್ಮಂಥವರ ಮಕ್ಕಳು. ಚೀಟಿ ಮಾತ್ರ ಹಂಚಲಿಲ್ಲ, ಸಭೆಗೆ ಹೋಗಿ ಯಾವ ಶಾಲೆ ಯಾವ ವರ್ಷ ಎಂದು ಕೇಳಿದೆ.

ನಾಗರಿಕರಲ್ಲದ್ದರಿಂದ ಮತ ಹಾಕಲಾಗದ ನಿಮಗಿರುವ ದಾರಿಯೂ ಅದೇ. ಶಾಲಾ ಮಂಡಳಿಯ ಸಭೆಯಲ್ಲಿ ಯಾರು ಬೇಕಾದರೂ ಮಾತನಾಡಬಹುದು, ಪಾಸ್‌ಪೋರ್ಟ್ ಯಾವುದೆಂದು ಕೇಳುವುದಿಲ್ಲ. ಸಿಗುವುದು ಎರಡು ಮೂರು ನಿಮಿಷ, ಬರೆದುಕೊಂಡು ಹೋಗಿ. ಮೇಲ್ವಿಚಾರಣಾ ಸಮಿತಿಯ ಕನಿಷ್ಠ ಏಳು ಕುರ್ಚಿಗಳಲ್ಲಿ ಪೋಷಕರಿಗೂ ಜಾಗವಿದೆ. ಅದರ ಸಭೆಗಳು ಎಲ್ಲರಿಗೂ ತೆರೆದಿರುತ್ತವೆ, ಬರುವವರು ಮಾತ್ರ ಬೆರಳೆಣಿಕೆ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಾಹನ ಪರವಾನಗಿಯ ಕಚೇರಿಯಲ್ಲಿ ಫಾರಂ ತುಂಬುವಾಗ ಮತದಾರರ ನೋಂದಣಿಯ ಪ್ರಶ್ನೆ ಬರುತ್ತದೆ. ಅಂಗಡಿಯ ಮುಂದೆ ಮೇಜು ಹಾಕಿಕೊಂಡವರೂ ನಗುನಗುತ್ತಾ ಫಾರಂ ಚಾಚುತ್ತಾರೆ. ಗೊತ್ತಿಲ್ಲದೆ 'ನಾನು ನಾಗರಿಕ' ಎಂಬ ಚೌಕಕ್ಕೆ ಗುರುತು ಹಾಕಿದರೆ ವೀಸಾಕ್ಕೆ, ಮುಂದೆ ಗ್ರೀನ್ ಕಾರ್ಡಿಗೆ ದೊಡ್ಡ ಕುತ್ತು. ನಾಗರಿಕತ್ವ ಸಿಗುವವರೆಗೆ ಆ ಚೌಕದ ಹತ್ತಿರ ಪೆನ್ನು ಒಯ್ಯಬೇಡಿ. ಮನೆಯವರಿಗೂ ಇದನ್ನು ಹೇಳಿ.

ಶನಿವಾರ ಬಿಡುವಾದರೆ ನಿಮ್ಮ ಜಿಲ್ಲೆಯ ಪಟ್ಟಿ ತೆಗೆದು, ಮಗನ ಶಾಲೆಯ ಮುಂದೆ ಏನೇನು ಬರೆದಿದ್ದಾರೆ ನೋಡಿ ನನಗೆ ತಿಳಿಸಿ. ವರ್ಷ ನಮೂದಿಸಿದ್ದರೆ ಅದನ್ನೂ.